ಎಲೆ ಟೀ, ಘಮದ ಟೀ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಎಲೆ ಟೀ ಬಗ್ಗೆ, ಹೂವು ಹಣ್ಣಿನ ಘಮದ ಟೀಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ದೂರು ಒಂದೇ: ಜಾಸ್ತಿ ದುಡ್ಡು ಕೊಟ್ಟು ತಂದೆವು, ರುಚಿ ಹತ್ತಲಿಲ್ಲ. ಅಲ್ಲಿಂದಲೇ ಶುರು ಮಾಡೋಣ.

ಮಗ ಡಾರ್ಜಿಲಿಂಗ್‌ನಿಂದ ಎಲೆ ಟೀ ತಂದುಕೊಟ್ಟ. ಪೊಟ್ಟಣದ ಮೇಲೆ ಫಸ್ಟ್ ಫ್ಲಶ್ ಎಂದಿದೆ. ಯಾವಾಗಲೂ ಮಾಡುವ ಹಾಗೆ ಹಾಲು, ಸಕ್ಕರೆ ಹಾಕಿ ಚೆನ್ನಾಗಿ ಕುದಿಸಿದೆ. ಬಣ್ಣವೇ ಬರಲಿಲ್ಲ, ಒಗರು ಬೇರೆ. ಹಳೆಯ ಮಾಲು ಕೊಟ್ಟು ಕಳಿಸಿದ್ದಾರೆಯೇ?
– ದಾವಣಗೆರೆ

ಮಾಲು ಹಳೆಯದಿರಲಿಕ್ಕಿಲ್ಲ. ಮಾಡಿದ ರೀತಿ ಆ ಎಲೆಗೆ ಹೊಂದಲಿಲ್ಲ ಅಷ್ಟೇ. ನಾವು ದಿನಾ ಕುದಿಸುವುದು ಸಿಟಿಸಿ ಪುಡಿ. ಹಲ್ಲಿರುವ ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಸಣ್ಣ ಕಾಳು ಮಾಡಿರುತ್ತಾರೆ. 1930ರ ಹೊತ್ತಿಗೆ ಅಸ್ಸಾಂನಲ್ಲಿ ಬಂದ ಯಂತ್ರ ಅದು. ಆ ಕಾಳು ಬಿಸಿ ನೀರು ಕಂಡ ಕೂಡಲೇ ಬಣ್ಣ, ಕಡಕ್ಕು ಎಲ್ಲ ಬಿಟ್ಟುಕೊಡುತ್ತದೆ, ಎಷ್ಟು ಹಾಲು ಹಾಕಿದರೂ ಅದರ ನಡುವೆ ಗಟ್ಟಿಯಾಗಿ ನಿಲ್ಲುತ್ತದೆ. ಹಾಲಿನ ಟೀಗೆ ಅದೇ ಸರಿ, ಅದನ್ನು ಕೀಳಾಗಿ ನೋಡುವವರ ಮಾತು ಕೇಳಬೇಡಿ.

ನಿಮ್ಮ ಮಗ ತಂದದ್ದು ಬೇರೆ ಥರದ್ದು. ಚಿಗುರನ್ನು ಬಾಡಿಸಿ, ಹೊಸೆದು, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು, ಒಣಗಿಸಿದ್ದು. ಎಲೆ ಹೆಚ್ಚುಕಡಿಮೆ ಇಡಿಯಾಗಿ ಇರುತ್ತದೆ. ಚಳಿಗಾಲದಲ್ಲಿ ಮಲಗಿದ್ದ ಗಿಡ ಫೆಬ್ರವರಿ ಕೊನೆಗೆ ಚಿಗುರುತ್ತದೆ, ಅಲ್ಲಿಂದ ಏಪ್ರಿಲ್‌ವರೆಗಿನ ಮೊದಲ ಕೊಯ್ಲೇ ಫಸ್ಟ್ ಫ್ಲಶ್. ಈ ಎಲೆಯಲ್ಲಿ ಹಸಿರು ಇನ್ನೂ ಉಳಿದಿರುತ್ತದೆ, ನೀರಿಗೆ ಬರುವುದು ತಿಳಿ ಹೊಂಬಣ್ಣ ಮಾತ್ರ. ಕಪ್ಪಗಾಗಲಿ ಎಂದು ಕುದಿಸುತ್ತಾ ನಿಂತರೆ ಘಮ ಆವಿಯ ಜೊತೆ ಹೋಗುತ್ತದೆ, ಒಗರು ಮಾತ್ರ ಉಳಿಯುತ್ತದೆ. ಮೇಲೆ ಹಾಲು ಬಿದ್ದರೆ ಅಳಿದುಳಿದ ರುಚಿಯೂ ಮುಚ್ಚಿಹೋಗುತ್ತದೆ.

ಹೀಗೆ ಮಾಡಿ ನೋಡಿ. ಒಂದು ದೊಡ್ಡ ಕಪ್ಪಿಗೆ, ಅಂದರೆ ಸುಮಾರು 180 ಮಿಲಿ ನೀರಿಗೆ, 2 ಗ್ರಾಂ ಎಲೆ. ಎಲೆ ದೊಡ್ಡದಾಗಿ ಹಗುರಾಗಿದ್ದರೆ ಒಂದು ಟೀ ಚಮಚಕ್ಕೆ 2 ಗ್ರಾಂ ಬರುವುದಿಲ್ಲ, ಇನ್ನರ್ಧ ಚಮಚ ಸೇರಿಸಿಕೊಳ್ಳಿ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ ಒಂದೆರಡು ನಿಮಿಷ ಬಿಡಿ. ಎಲೆ ಹಾಕಿದ ಪಾತ್ರೆಗೆ ಆ ನೀರು ಸುರಿದು ಮುಚ್ಚಿಡಿ. 3 ನಿಮಿಷ ಸಾಕು. ಆಮೇಲೆ ಒಂದು ಹನಿಯೂ ಎಲೆಯ ಜೊತೆ ಉಳಿಯದ ಹಾಗೆ ಸೋಸಿಬಿಡಿ. ಇದು ತುಂಬಾ ಮುಖ್ಯ, ಯಾಕೆಂದರೆ ಎಲೆ ನೀರಿನಲ್ಲೇ ಕೂತಿದ್ದರೆ ನೀವು ಮೊದಲ ಗುಟುಕು ಕುಡಿದು ಮುಗಿಸುವಷ್ಟರಲ್ಲಿ ಉಳಿದದ್ದು ಕಹಿಯಾಗಿರುತ್ತದೆ. ಸಕ್ಕರೆ ಬೇಕೇ ಬೇಕು ಅನ್ನಿಸಿದರೆ ಮೊದಲ ಕಪ್ಪು ಹಾಗೇ ಕುಡಿದು ಎರಡನೆಯದಕ್ಕೆ ಹಾಕಿಕೊಳ್ಳಿ. ಅದೇ ಎಲೆಗೆ ಇನ್ನೊಂದು ಸಲ ನೀರು ಹಾಕಬಹುದು, ಆಗ ಒಂದೆರಡು ನಿಮಿಷ ಜಾಸ್ತಿ ಬಿಡಿ.

ಮುಂದಿನ ಸಲ ಮಗ ಹೋದಾಗ ಸೆಕೆಂಡ್ ಫ್ಲಶ್ ತರಲು ಹೇಳಿ. ಮೇ, ಜೂನ್ ಕೊಯ್ಲಿನದು. ಬಣ್ಣವೂ ಕೆಂಪಗೆ ಬರುತ್ತದೆ, ಮಾಗಿದ ದ್ರಾಕ್ಷಿಯ ಥರದ ಘಮ ಇರುತ್ತದೆ. ಆ ಘಮಕ್ಕೆ ಒಂದು ಕಾರಣ ಚಿಗುರಿನ ರಸ ಹೀರುವ ಸಣ್ಣ ಹಸಿರು ಜಿಗಿಹುಳು! ಹುಳು ಚುಚ್ಚಿದಾಗ ಗಿಡ ತನ್ನನ್ನು ಕಾಪಾಡಿಕೊಳ್ಳಲು ಎಲೆಯಲ್ಲಿ ಕೆಲವು ಸುವಾಸನೆಯ ಅಂಶಗಳನ್ನು ಹೆಚ್ಚಿಸುತ್ತದೆ. ನಮ್ಮ ಕಪ್ಪಿಗೆ ಬರುವುದು ಅದೇ.

ಗ್ರೀನ್ ಟೀ ಎಷ್ಟು ಬ್ರ್ಯಾಂಡ್ ಬದಲಿಸಿದರೂ ಕಹಿ. ಬ್ಲ್ಯಾಕ್ ಟೀ ಮಾಡಿದರೆ ಮೇಲೆ ಎಣ್ಣೆಯಂಥ ಪದರ ಕಟ್ಟುತ್ತದೆ. ನಮ್ಮದು ಬೋರ್‌ವೆಲ್ ನೀರು. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?
– ಬೆಂಗಳೂರು

ಎರಡೂ ಬೇರೆ ಬೇರೆ ತೊಂದರೆಗಳು. ಕಹಿಗೆ ಕಾರಣ ಬಿಸಿ. ಗ್ರೀನ್ ಟೀಗೆ 75–80 ಡಿಗ್ರಿ ನೀರು ಸಾಕು, ನೀವು ಬಹುಶಃ ಕುದಿಯುವ ನೀರನ್ನೇ ಹಾಕುತ್ತಿದ್ದೀರಿ. ಥರ್ಮಾಮೀಟರ್ ಕೊಳ್ಳಬೇಕಿಲ್ಲ. ಮುಕ್ಕಾಲು ಕಪ್ ಕುದಿದ ನೀರಿಗೆ ಕಾಲು ಕಪ್ ತಣ್ಣೀರು ಬೆರೆಸಿದರೆ ಸುಮಾರು ಅಷ್ಟೇ ಬಿಸಿ ಉಳಿಯುತ್ತದೆ. ಎರಡು ನಿಮಿಷಕ್ಕೆ ಸೋಸಿ. ಆದರೂ ಕಹಿ ಅನ್ನಿಸಿದರೆ ರಾತ್ರಿ ಒಂದು ಲೀಟರ್ ತಣ್ಣೀರಿಗೆ 8–10 ಗ್ರಾಂ ಎಲೆ ಹಾಕಿ ಫ್ರಿಜ್‌ನಲ್ಲಿಡಿ, ಬೆಳಿಗ್ಗೆ ಸೋಸಿ ಕುಡಿಯಿರಿ. ತಣ್ಣೀರು ಕಹಿಯನ್ನು ಅಷ್ಟಾಗಿ ಎಳೆಯುವುದಿಲ್ಲ. ಬೇಸಿಗೆಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಪದರಕ್ಕೆ ಮಾತ್ರ ನೀರೇ ಕಾರಣ, ಅದು ಎಣ್ಣೆಯಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಟೀಯ ಅಂಶಗಳ ಜೊತೆ ಸೇರಿ ಮೇಲೆ ಕೆನೆಗಟ್ಟಿದಂತೆ ನಿಲ್ಲುತ್ತದೆ, ಬಣ್ಣ ಮಂಕಾಗುತ್ತದೆ, ರುಚಿ ಚಪ್ಪೆಯಾಗುತ್ತದೆ. ಕಾವೇರಿ ನೀರು ಅಥವಾ ಫಿಲ್ಟರ್ ನೀರಿನಲ್ಲಿ ಅದೇ ಟೀ ಮಾಡಿ ಪಕ್ಕದಲ್ಲಿಟ್ಟು ನೋಡಿ, ಕಣ್ಣಿಗೇ ಗೊತ್ತಾಗುತ್ತದೆ. ಬೇರೆ ನೀರಿಲ್ಲದಿದ್ದರೆ ಎರಡು ಹನಿ ನಿಂಬೆರಸ ಪದರವನ್ನು ಕರಗಿಸುತ್ತದೆ.

ನಮ್ಮ ಅಂಗಳದಲ್ಲಿ ಮಲ್ಲಿಗೆ ಗಿಡ ತುಂಬಾ ಇವೆ. ಚೀನಾದ ಜಾಸ್ಮಿನ್ ಟೀ ಕುಡಿದೆ, ನಮ್ಮ ಮಲ್ಲಿಗೆಯದೇ ಪರಿಮಳ. ಮನೆಯಲ್ಲಿ ಮಾಡಬಹುದೇ? ಹೂವು ಒಣಗಿಸಿ ಟೀಗೆ ಬೆರೆಸಿದೆ, ಏನೂ ಪರಿಮಳ ಬರಲಿಲ್ಲ.
– ಉಡುಪಿ ಜಿಲ್ಲೆ

ಈ ಪತ್ರ ಓದಿ ತುಂಬಾ ಖುಷಿಯಾಯಿತು. ನಿಮಗೆ ಅನ್ನಿಸಿದ್ದು ಸರಿ, ಚೀನಾದವರು ಬಳಸುವುದೂ ನಿಮ್ಮ ಉಡುಪಿ ಮಲ್ಲಿಗೆಯ ಜಾತಿಯದೇ ಹೂವು. ಆದರೆ ಪರಿಮಳ ಒಣಗಿದ ಹೂವಿನಲ್ಲಿ ಇರುವುದಿಲ್ಲ. ಅದು ಅರಳುವ ಹೊತ್ತಿನಲ್ಲಿ ಹೊರಗೆ ಬರುತ್ತದೆ, ಅಷ್ಟರಲ್ಲೇ ಹಿಡಿಯಬೇಕು.

ಫೂಜಿಯನ್ ಪ್ರಾಂತ್ಯದ ಫೂಝೌ ಊರು ಈ ಟೀಗೆ ಹೆಸರುವಾಸಿ. ಅಲ್ಲಿ ಮಧ್ಯಾಹ್ನ ಬಿರಿಯದ ಮೊಗ್ಗು ಕೊಯ್ಯುತ್ತಾರೆ. ಸಂಜೆಯಾಗುತ್ತಾ ಮೊಗ್ಗು ಬಾಯಿ ಬಿಡಲು ಶುರುವಾದಾಗ ಒಣಗಿದ ಟೀ ಎಲೆಯ ಜೊತೆ ಬೆರೆಸಿ ರಾಶಿ ಹಾಕುತ್ತಾರೆ. ಟೀ ಎಲೆಗೆ ಸುತ್ತಲಿನ ವಾಸನೆಯನ್ನೂ ತೇವವನ್ನೂ ಹೀರಿಕೊಳ್ಳುವ ಗುಣ ಇದೆ. ರಾಶಿಯೊಳಗೆ ಬಿಸಿ ಏರುತ್ತದೆ, ನಡುರಾತ್ರಿ ಎದ್ದು ಹರಡಿ ಆರಿಸಿ ಮತ್ತೆ ಒಟ್ಟುತ್ತಾರೆ. ಬೆಳಿಗ್ಗೆ ಹೂವು ಜರಡಿ ಹಿಡಿದು ತೆಗೆದು, ತೇವವಾದ ಟೀಯನ್ನು ಒಣಗಿಸಿ, ಮತ್ತೆ ಹೊಸ ಹೂವು. ಒಳ್ಳೆಯ ಟೀಗೆ ಇದನ್ನು ಹಲವು ಸಲ ಮಾಡುತ್ತಾರೆ. ಹೀಗಾಗಿ ಉತ್ತಮ ಜಾಸ್ಮಿನ್ ಟೀಯಲ್ಲಿ ಒಂದು ಎಸಳೂ ಕಾಣದೇ ಇರಬಹುದು. ಪೊಟ್ಟಣದಲ್ಲಿ ಬಿಳಿ ಎಸಳು ತುಂಬಿದೆ ಎಂದು ಜಾಸ್ತಿ ದುಡ್ಡು ಕೊಡಬೇಡಿ, ಅದು ಬರೀ ಚೆಂದಕ್ಕೆ.

ಮನೆಯಲ್ಲಿ 50 ಗ್ರಾಂ ಸಾದಾ ಗ್ರೀನ್ ಟೀ ಎಲೆ, ಅಷ್ಟೇ ತೂಕದ ಮೊಗ್ಗು ತೆಗೆದುಕೊಳ್ಳಿ. ಮೊಗ್ಗಿನ ಮೇಲೆ ನೀರಿನ ಹನಿ ಇರಬಾರದು. ಅರಳಲು ಶುರುವಾದ ಮೇಲೆ ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ಒಂದು ಪದರ ಟೀ, ಒಂದು ಪದರ ಹೂವು ಹಾಕಿ ಸಡಿಲವಾಗಿ ಮುಚ್ಚಿಡಿ. ಬೆಳಿಗ್ಗೆ ಎದ್ದ ಕೂಡಲೇ ಹೂವು ಆರಿಸಿ ತೆಗೆದುಬಿಡಿ, ಕಂದು ಬಣ್ಣಕ್ಕೆ ತಿರುಗಲು ಬಿಟ್ಟರೆ ಕೊಳೆತ ವಾಸನೆ ಟೀಗೆ ಹತ್ತುತ್ತದೆ. ಆಮೇಲೆ ದಪ್ಪ ತಳದ ಬಾಣಲೆಯಲ್ಲಿ ತೀರಾ ಸಣ್ಣ ಉರಿಯಲ್ಲಿ, ಕೈಯಾಡಿಸುತ್ತಾ, ಎಲೆ ಮುರಿದರೆ ಚಟ್ ಅನ್ನುವಷ್ಟು ಒಣಗಿಸಿ. ಬಾಣಲೆಗೆ ಒಗ್ಗರಣೆಯ ವಾಸನೆ ಇರಬಾರದು. ಎರಡು ಮೂರು ರಾತ್ರಿ ಹೀಗೇ ಮಾಡಿ. ಮನೆಯ ಟೀಯಲ್ಲಿ ತೇವ ಉಳಿದಿರುವ ಸಂಭವ ಇರುವುದರಿಂದ ಸ್ವಲ್ಪವೇ ಮಾಡಿಕೊಂಡು ಬೇಗ ಮುಗಿಸಿ.

ಇನ್ನೊಂದು ಮಾತು. ಔಷಧಿ ಹೊಡೆಯದ ನಿಮ್ಮ ಅಂಗಳದ ಹೂವನ್ನೇ ಬಳಸಿ. ಮಾರುಕಟ್ಟೆಯ ಹೂವು ಮುಡಿಯಲು ಬೆಳೆದದ್ದು, ಅದಕ್ಕೆ ಕೀಟನಾಶಕ ಹೊಡೆದಿರಬಹುದು. ಅದನ್ನು ಟೀಗೆ ಸೇರಿಸಬೇಡಿ.

ಮಾವು, ಸ್ಟ್ರಾಬೆರಿ, ವೆನಿಲ್ಲಾ ಟೀ ಎಂದೆಲ್ಲ ಬರುತ್ತಿವೆಯಲ್ಲ, ಅವುಗಳಲ್ಲಿ ಹಣ್ಣು ನಿಜವಾಗಿ ಇರುತ್ತದೆಯೇ? ಅರ್ಲ್ ಗ್ರೇ ಕೂಡ ಹಾಗೆಯೇ?
– ಮೈಸೂರು

ಬಹುಪಾಲು ಟೀಗಳಲ್ಲಿ ಘಮ ಬರುವುದು ಸೇರಿಸಿದ ಸುವಾಸನೆಯಿಂದ, ಒಣಹಣ್ಣಿನ ಚೂರಿನಿಂದ ಅಲ್ಲ. ಚೂರು ಸ್ವಲ್ಪ ಹುಳಿ ಕೊಡಬಹುದು ಅಷ್ಟೇ. ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿ, ಸುವಾಸನೆ ಯಾವುದು, ಎಂಥದ್ದು ಎಂದು ಬರೆದಿರುತ್ತದೆ. ಅರ್ಲ್ ಗ್ರೇಯಲ್ಲಿರುವುದು ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆ. ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾದಲ್ಲಿ ಅದನ್ನು ಜಾಸ್ತಿ ಬೆಳೆಯುತ್ತಾರೆ. ಅಗ್ಗದ ಅರ್ಲ್ ಗ್ರೇಗಳಲ್ಲಿ ಕೃತಕ ಘಮವನ್ನೂ ಹಾಕುತ್ತಾರೆ, ಅಂಥದ್ದು ಕುಡಿದ ಮೇಲೆ ಸೋಪಿನ ವಾಸನೆ ನಾಲಿಗೆಯಲ್ಲಿ ಉಳಿಯುತ್ತದೆ.

ನನ್ನ ಸಲಹೆ ಕೇಳಿದರೆ, ಘಮದ ಟೀ ಕೊಳ್ಳುವ ಮೊದಲು ಸಾದಾ ಎಲೆ ಟೀ ರುಚಿ ಹಿಡಿಯಿರಿ. ಒಳಗಿನ ಎಲೆ ಕಳಪೆಯಾಗಿದ್ದರೆ ಗಾಢ ವಾಸನೆ ಅದನ್ನು ಮುಚ್ಚಿಹಾಕುತ್ತದೆ. ಇನ್ನು, ದಾಸವಾಳದ ಥರದ ಹೂವು ಸೇರಿದ ಹುಳಿ ಟೀಗಳಿಗೆ ಹಾಲು ಹಾಕಬೇಡಿ, ಒಡೆದುಹೋಗುತ್ತದೆ.

ಶುಂಠಿ ಹಾಕಿದ ಚಹಾ ಆಗಾಗ ಒಡಿತದ. ಹಾಲು ತಾಜಾನೇ ಇರತದ. ಏನು ಮಾಡಬೇಕು?
– ಧಾರವಾಡ

ಹಸಿ ಶುಂಠಿಯಲ್ಲಿ ಹಾಲನ್ನು ಒಡೆಯುವ ಕಿಣ್ವ ಇದೆ. ಜಜ್ಜಿದ ಶುಂಠಿಯನ್ನು ಮೊದಲು ಬರೀ ನೀರಿನಲ್ಲಿ ಮೂರು ನಾಲ್ಕು ನಿಮಿಷ ಚೆನ್ನಾಗಿ ಕುದಿಸಿ, ಆಮೇಲೆ ಪುಡಿ, ಕೊನೆಗೆ ಬಿಸಿ ಹಾಲು. ಕುದಿಗೆ ಆ ಕಿಣ್ವದ ಶಕ್ತಿ ಹೋಗುತ್ತದೆ.

ಟೀ ರುಚಿ ನೋಡುವುದನ್ನು ಕಲಿಯಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ? ದುಬಾರಿ ಟೀ ಕೊಳ್ಳುವ ಶಕ್ತಿ ಇಲ್ಲ, ನಾನಿನ್ನೂ ವಿದ್ಯಾರ್ಥಿನಿ.
– ಶಿವಮೊಗ್ಗ

ದುಬಾರಿ ಬೇಡವೇ ಬೇಡ. ಅಸ್ಸಾಂ, ನೀಲಗಿರಿ, ಡಾರ್ಜಿಲಿಂಗ್, ಈ ಮೂರರ ಎಲೆ ಟೀಯ ಸಣ್ಣ ಪೊಟ್ಟಣಗಳನ್ನು ತನ್ನಿ. ಗೆಳತಿಯರೆಲ್ಲ ಸೇರಿ ಹಂಚಿಕೊಂಡು ಕೊಂಡರೂ ಆಯಿತು. ಒಂದೊಂದನ್ನೇ ಬೇರೆ ಬೇರೆ ದಿನ ಕುಡಿದರೆ ಏನೂ ತಿಳಿಯುವುದಿಲ್ಲ, ಮೂರನ್ನೂ ಒಟ್ಟಿಗೆ, ಒಂದೇ ಅಳತೆಯಲ್ಲಿ ಮಾಡಿ ಅಕ್ಕಪಕ್ಕ ಇಡಬೇಕು. ರುಚಿ ನೋಡುವುದಕ್ಕೆಂದೇ ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಅಳತೆ ಇದೆ: 100 ಮಿಲಿ ಕುದಿಯುವ ನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಕುಡಿಯಲು ಇದು ತುಂಬಾ ಕಡಕ್. ಆದರೆ ಟೀಯ ಒಳ್ಳೆಯದು ಕೆಟ್ಟದ್ದು ಎರಡೂ ಎದ್ದು ಕಾಣಲಿ ಎಂದೇ ಹಾಗೆ ಮಾಡುವುದು.

ಮೊದಲು ನೆನೆದ ಎಲೆಯನ್ನು ಮೂಸಿ ನೋಡಿ, ಘಮ ಜಾಸ್ತಿ ಇರುವುದು ಅಲ್ಲೇ. ಆಮೇಲೆ ಕಷಾಯದ ಬಣ್ಣ ನೋಡಿ, ತಿಳಿಯಾಗಿದೆಯೇ, ಮಂಕಾಗಿದೆಯೇ. ಚಮಚದಲ್ಲಿ ತೆಗೆದು ಸೊರ್ ಎಂದು ಸದ್ದು ಮಾಡುತ್ತಾ ಎಳೆದುಕೊಳ್ಳಿ, ನಾಚಿಕೆ ಬೇಡ, ಪರಿಣತರೂ ಹಾಗೇ ಮಾಡುವುದು. ಗಾಳಿಯ ಜೊತೆ ಹೋದಾಗ ಘಮ ಮೂಗಿನ ಹಿಂಭಾಗಕ್ಕೆ ತಲುಪುತ್ತದೆ. ಅಸ್ಸಾಂ ಬಾಯಿ ತುಂಬುತ್ತದೆ, ಮಾಲ್ಟ್‌ನ ಸಿಹಿ ಸುಳಿಯುತ್ತದೆ. ನೀಲಗಿರಿ ಹಗುರ, ಹೂವಿನ ಘಮದ್ದು, ಐಸ್ ಹಾಕಿದರೂ ಸುಲಭಕ್ಕೆ ಮಂಕಾಗುವುದಿಲ್ಲ. ಡಾರ್ಜಿಲಿಂಗ್‌ನಲ್ಲಿ ಒಗರು ನಾಲಿಗೆಯ ಬದಿಗೆ ಚುರುಕಾಗಿ ತಾಗುತ್ತದೆ. ಒಗರು ಬೇರೆ, ಕಹಿ ಬೇರೆ. ಎಳೆ ನೇರಳೆ ತಿಂದಾಗ ಬಾಯಿ ಒಣಗಿ ಬಿಗಿಯುತ್ತದಲ್ಲ, ಅದು ಒಗರು. ಸ್ವಲ್ಪ ಒಗರಿಲ್ಲದ ಬ್ಲ್ಯಾಕ್ ಟೀ ಚಪ್ಪೆ ಅನ್ನಿಸುತ್ತದೆ.

ಅನ್ನಿಸಿದ್ದನ್ನು ಪುಸ್ತಕದಲ್ಲಿ ಕನ್ನಡದಲ್ಲೇ ಬರೆದಿಡಿ. ಹಸಿ ಅವರೆಕಾಯಿ ವಾಸನೆ, ಒಣಹುಲ್ಲು, ಬೆಲ್ಲದ ಪಾಕ, ಹೀಗೆ ನಿಮಗೆ ಗೊತ್ತಿರುವ ವಾಸನೆಗಳೇ ಸಾಕು. ಪೊಟ್ಟಣದ ಮೇಲೆ ಬರೆದಿರುವ ಯಾವುದೋ ಹಣ್ಣನ್ನು ಹುಡುಕುತ್ತಾ ಕೂರಬೇಡಿ. ಮೂರರ ಗುರುತು ಸಿಕ್ಕ ಮೇಲೆ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು ಟೀ ತಂದು ಪಕ್ಕದಲ್ಲಿಟ್ಟು ನೋಡಿ. ಕಾಫಿ ಸೀಮೆಯಲ್ಲೂ ಟೀ ಬೆಳೆಯುತ್ತದೆ ಎಂದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಓದಲು ಜರ್ಮನಿಯ ಎಂಡೆನ್‌ಗೆ ಬಂದಿದ್ದೇನೆ. ಇಲ್ಲಿನವರು ಟೀಗೆ ಕಲ್ಲುಸಕ್ಕರೆ ಹಾಕುತ್ತಾರೆ, ಆದರೆ ಕಲಕುವುದೇ ಇಲ್ಲ! ಕಲಕಿದರೆ ಬೇಜಾರು ಮಾಡಿಕೊಳ್ಳುತ್ತಾರಾ?
– ಎಂಡೆನ್, ಜರ್ಮನಿ

ಕಲಕಬೇಡಿ! ನೀವಿರುವುದು ಈಸ್ಟ್ ಫ್ರಿಸಿಯಾ ಸೀಮೆಯಲ್ಲಿ. ಅಲ್ಲಿ ತಲೆಗೆ ವರ್ಷಕ್ಕೆ ಸುಮಾರು 300 ಲೀಟರ್ ಟೀ ಕುಡಿಯುತ್ತಾರೆ, ಅದರಲ್ಲೂ ಮುಖ್ಯವಾಗಿ ನಮ್ಮ ಅಸ್ಸಾಂ ಎಲೆಯ ಗಟ್ಟಿ ಮಿಶ್ರಣ. ಮೊದಲು ಕಲ್ಲುಸಕ್ಕರೆ, ಅದರ ಮೇಲೆ ಬಿಸಿ ಟೀ ಬಿದ್ದಾಗ ಚಟಪಟ ಸದ್ದು, ಆಮೇಲೆ ಕಪ್ಪಿನ ಅಂಚಿನಿಂದ ಒಂದು ಚಮಚ ಕೆನೆ. ಮೊದಲ ಗುಟುಕಿಗೆ ಕೆನೆ, ನಡುವೆ ಟೀಯ ಕಡಕ್ಕು, ತಳದಲ್ಲಿ ಸಿಹಿ, ಹೀಗೆ ಒಂದೊಂದೇ ಸಿಗಬೇಕು. ಕಲಕಿದರೆ ಎಲ್ಲ ಒಂದಾಗಿಬಿಡುತ್ತದೆ. ಮೂರು ಕಪ್ ಕುಡಿಯುವುದು ವಾಡಿಕೆ. ಸಾಕು ಅನ್ನಿಸಿದಾಗ ಚಮಚವನ್ನು ಕಪ್ಪಿನೊಳಗೆ ಇಡಿ, ಅವರಿಗೆ ಅರ್ಥವಾಗುತ್ತದೆ. ಅಲ್ಲಿಯ ಈ ಟೀ ಪದ್ಧತಿ 2016ರಲ್ಲಿ ಜರ್ಮನಿಯ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೂ ಸೇರಿದೆ.

ಮಳೆಗಾಲದಲ್ಲಿ ಎಲೆ ಟೀ ಬೇಗ ಹಾಳಾಗುತ್ತದೆ. ಫ್ರಿಜ್‌ನಲ್ಲಿ ಇಡಬಹುದೇ?
– ಮಂಗಳೂರು

ಬೇಡ. ದಿನಾ ಹೊರಗೆ ತೆಗೆದಾಗ ತಣ್ಣನೆಯ ಎಲೆಯ ಮೇಲೆ ಗಾಳಿಯ ತೇವ ಕೂರುತ್ತದೆ, ಫ್ರಿಜ್‌ನಲ್ಲಿರುವ ಮೀನಿನದೋ ಹಲಸಿನದೋ ವಾಸನೆಯೂ ಹತ್ತುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಇಲ್ಲವೇ ತಗಡಿನ ಡಬ್ಬಿ ಸಾಕು. ಗಾಜಿನ ಬಾಟಲಿ ಚೆಂದ ಕಾಣುತ್ತದೆ, ಆದರೆ ಬೆಳಕಿಗೆ ಎಲೆ ಸಪ್ಪೆಯಾಗುತ್ತದೆ. ಮಸಾಲೆ ಡಬ್ಬಿಯ ಪಕ್ಕ ಇಡಬೇಡಿ, ಘಮದ ಟೀ ಮತ್ತು ಸಾದಾ ಟೀ ಒಂದೇ ಡಬ್ಬಿಯಲ್ಲಂತೂ ಬೇಡವೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 50 ಗ್ರಾಂ, 100 ಗ್ರಾಂ ಪೊಟ್ಟಣವನ್ನೇ ತನ್ನಿ. ದೊಡ್ಡದು ಈಗಾಗಲೇ ಮನೆಯಲ್ಲಿದ್ದರೆ ವಾರಕ್ಕೆ ಬೇಕಾದಷ್ಟನ್ನು ಸಣ್ಣ ಡಬ್ಬಿಗೆ ಹಾಕಿಕೊಂಡು ಉಳಿದದ್ದನ್ನು ಮುಟ್ಟದೆ ಬಿಗಿಯಾಗಿ ಕಟ್ಟಿಡಿ.