ಚಳಿಗಾಲದ ಮುಂಜಾವಿನಲ್ಲಿ ಕಾಡಂಚಿನ ಮನೆಯಿಂದ ಕಾಣುವ ಪ್ರಾಣಿಗಳು

ಮಲೆನಾಡಿನಲ್ಲಿ ಕಾಡಿಗೆ ತಾಗಿಕೊಂಡ ಮನೆಯೊಂದಕ್ಕೆ ಈ ವರ್ಷ ವಾಸಕ್ಕೆ ಬಂದಿರುವುದಾಗಿಯೂ, ಮಳೆಗಾಲದಲ್ಲಿ ಒಂದೂ ಕಾಣದ ಪ್ರಾಣಿಗಳು ಚಳಿ ಶುರುವಾದ ಮೇಲೆ ಮನೆಯ ಸುತ್ತ ಕಾಣತೊಡಗಿವೆಯೆಂದೂ ಬರೆದಿದ್ದೀರಿ. ಅವು ಈಗಲೇ ಏಕೆ ಬರುತ್ತವೆ, ತೊಂದರೆ ಕೊಡದೆ ನೋಡುವುದು ಹೇಗೆ, ತಿನ್ನಲು ಏನಾದರೂ ಇಡಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನು ಸಾಗರ ತಾಲ್ಲೂಕಿನವನು. ನಮ್ಮ ಮನೆಯ ಹಿಂದೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಅದರಾಚೆ ಕಾನು, ಅಂದರೆ ದಟ್ಟ ಕಾಡು. ಮುಂದೆ ಅಡಿಕೆ ತೋಟ, ತೋಟದ ಕೆಳಗೆ ಗದ್ದೆ. ಚಿಕ್ಕಂದಿನಿಂದ ಇಲ್ಲಿಯೇ ಕುಳಿತು ನೋಡಿದ್ದನ್ನು ಆಧರಿಸಿ ಉತ್ತರಿಸುತ್ತಿದ್ದೇನೆ.

ಆ ಪ್ರಾಣಿಗಳು ಮಳೆಗಾಲದಲ್ಲಿಯೂ ಅಲ್ಲಿಯೇ ಇದ್ದವು. ಜುಲೈ ತಿಂಗಳಲ್ಲಿ ಮಳೆಯ ಸದ್ದಿನ ನಡುವೆ ಯಾವ ಹೆಜ್ಜೆಯೂ ಕೇಳುವುದಿಲ್ಲ, ಬೆಳೆದು ನಿಂತ ಹಳುವಿನಲ್ಲಿ ಹತ್ತು ಮಾರು ಆಚೆಯದ್ದು ಕಾಣುವುದಿಲ್ಲ. ಚಳಿಗಾಲದಲ್ಲಿ ಇನ್ನೊಂದು ಅನುಕೂಲವೂ ಸೇರಿಕೊಳ್ಳುತ್ತದೆ. ಜೂನ್ ತಿಂಗಳಲ್ಲಿ ನಮ್ಮ ಕಡೆ ಆರು ಗಂಟೆ ದಾಟುವಷ್ಟರಲ್ಲಿ ಹುಟ್ಟುವ ಸೂರ್ಯ ಜನವರಿಯಲ್ಲಿ ಏಳರ ಸಮೀಪಕ್ಕೆ ಹುಟ್ಟುತ್ತಾನೆ. ನಾವು ಮಾತ್ರ ಎಂದಿನ ಗಡಿಯಾರದ ಹೊತ್ತಿಗೇ ಏಳುವುದರಿಂದ, ರಾತ್ರಿಯ ಪ್ರಾಣಿಗಳು ಮೇವು ಮುಗಿಸಿ ಮರಳುವ ಹೊತ್ತೂ ನಾವು ಬಾಗಿಲು ತೆರೆಯುವ ಹೊತ್ತೂ ಈ ಎರಡು ಮೂರು ತಿಂಗಳು ಒಂದಾಗುತ್ತವೆ. ಜೊತೆಗೆ ಮೇವಿನ ಕಾರಣವೂ ಇದೆ. ಬೆಟ್ಟದ ಕರಡ (ಹುಲ್ಲು) ಒಣಗುತ್ತ ಬರುವಾಗ, ಭತ್ತ ಕೊಯ್ದ ಗದ್ದೆಯಲ್ಲಿ ಉಳಿದ ತೇವಕ್ಕೆ ಕೂಳೆ (ಕೊಯ್ದ ಪೈರಿನ ಬುಡ) ಮತ್ತೆ ಚಿಗುರುತ್ತದೆ. ಕಾಟಿಗಳು, ಅಂದರೆ ಕಾಡುಕೋಣಗಳು, ಇಳಿದು ಬರುವುದು ಆ ಚಿಗುರಿಗಾಗಿ.

ಕಾಟಿಯನ್ನು ನೋಡಬೇಕಾದರೆ ಮೊದಲು ಹುಲ್ಲನ್ನು ನೋಡುವುದು ಒಳ್ಳೆಯದು. ಇಬ್ಬನಿ ಕೂತ ಗದ್ದೆಯ ಬದು ಬೆಳಗಿನ ಬೆಳಕಿನಲ್ಲಿ ಬೂದು ಬಣ್ಣಕ್ಕಿರುತ್ತದೆ. ರಾತ್ರಿ ಪ್ರಾಣಿ ಹಾದುಹೋದ ಕಡೆ ಇಬ್ಬನಿ ಉದುರಿ, ಕಡುಹಸಿರಿನ ಗೆರೆಯೊಂದು ಬದುವಿನಿಂದ ಬೆಟ್ಟದ ಅಗಳದವರೆಗೆ (ಅಂಚಿನ ಕಂದಕದವರೆಗೆ) ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಬಿಸಿಲು ಬಿದ್ದು ಇಬ್ಬನಿ ಆರಿದ ಮೇಲೆ ಆ ಗೆರೆ ಉಳಿಯುವುದಿಲ್ಲ. ನಸುಕಿನಲ್ಲಿ ಕಾಟಿಗಳೇ ಎದುರಿಗಿದ್ದರೆ, ಮೊದಲು ಕಣ್ಣಿಗೆ ಬೀಳುವುದು ಮೊಣಕಾಲಿನಿಂದ ಕೆಳಗಿನ ಬಿಳುಪು. ಮೈ ಇನ್ನೂ ಕತ್ತಲೆಯೊಳಗೇ ಇರುವಾಗ ಕಾಲುಗಳು ಮಾತ್ರ ಚಲಿಸುತ್ತಿರುತ್ತವೆ. ಹೋರಿಯೊಂದು ಸಾವಿರ ಕಿಲೋದಷ್ಟು ತೂಗಬಲ್ಲದು, ಆದರೂ ಅಷ್ಟು ದೊಡ್ಡ ಜೀವ ಒದ್ದೆ ನೆಲದ ಮೇಲೆ ನಡೆಯುವಾಗ ಕೇಳುವುದು ಹುಲ್ಲು ಹರಿಯುವ ಸದ್ದು ಮಾತ್ರ. ಹಿಂಡನ್ನು ಸಾಮಾನ್ಯವಾಗಿ ಹಿರಿಯ ಹೆಣ್ಣು ನಡೆಸುತ್ತದೆ. ಅದು ತಲೆಯೆತ್ತಿ ಮೂಗಿನಿಂದ ಜೋರಾಗಿ ಉಸಿರು ಬಿಟ್ಟು ಸದ್ದು ಮಾಡಿದರೆ, ನೀವಿರುವುದು ಗೊತ್ತಾಗಿದೆ ಎಂದರ್ಥ. ಆಗ ಕದಲದೆ ನಿಲ್ಲಬೇಕು, ಇಲ್ಲವೇ ಮೆಲ್ಲಗೆ ಒಳಗೆ ಸರಿಯಬೇಕು. ಒಂಟಿ ಹೋರಿಯ ಹತ್ತಿರಕ್ಕಂತೂ ಯಾವ ಕಾರಣಕ್ಕೂ ಹೋಗಬೇಡಿ.

ಕಬ್ಬೆಕ್ಕು ಕಣ್ಣಿಗೆ ಬೀಳುವುದು ಅಪರೂಪ, ಆದರೆ ಅದರ ಲೆಕ್ಕವನ್ನು ಬೆಳಿಗ್ಗೆ ಓದಬಹುದು. ತೋಟದ ನಡುವೆ ಕಾಫಿ ಗಿಡಗಳಿದ್ದರೆ ಹಣ್ಣಾಗುವ ಕಾಲ ಇದೇ. ಚೆನ್ನಾಗಿ ಕಳಿತ ಹಣ್ಣನ್ನೇ ಆರಿಸಿ ತಿಂದು, ಬೀಜಗಳನ್ನು ದರೆಯ ಮೇಲಿನ ಕಲ್ಲು, ಬಿದ್ದ ಮರದ ದಿಮ್ಮಿ ಇಂಥ ಎದ್ದು ಕಾಣುವ ಜಾಗದಲ್ಲಿ ಹಿಕ್ಕೆಯ ಜೊತೆ ಬಿಟ್ಟು ಹೋಗುತ್ತದೆ. ಬೈನೆ ಮರದ ಹಣ್ಣೂ ಅದಕ್ಕೆ ಬಲು ಇಷ್ಟ. ಯಾರೂ ನೆಡದ ಬೈನೆ ಸಸಿಗಳು ನಮ್ಮ ಅಗಳದ ಉದ್ದಕ್ಕೂ ಎದ್ದಿರುವುದರಲ್ಲಿ ಕಬ್ಬೆಕ್ಕಿನ ಪಾಲು ದೊಡ್ಡದು ಎಂದು ನಾನು ನಂಬಿದ್ದೇನೆ. ಹಗಲಿನಲ್ಲಿ ನೋಡಲು ಕೆಂದಳಿಲು ಇದೆ. ಕವಲುಗಳ ತುದಿಯಲ್ಲಿ ಎಲೆ ಕಡ್ಡಿಗಳ ದುಂಡನೆಯ ಗೂಡುಗಳು ಕಂಡರೆ ಆ ಮರಗಳ ಮೇಲೆ ಕಣ್ಣಿಡಿ. ಹಿಮಾಲಯದ ತಪ್ಪಲಿನಿಂದ ಚಳಿಗೆಂದು ಇಳಿದು ಬರುವ ನವರಂಗ ಹಕ್ಕಿ ನಸುಕಿಗೂ ಮುಸ್ಸಂಜೆಗೂ ತಪ್ಪದೆ ಕೂಗುತ್ತದೆ, ಅದನ್ನೂ ಕಿವಿಗೊಟ್ಟು ಕೇಳಿ.

ನೋಡುವ ಕ್ರಮದ ಬಗ್ಗೆ ನನ್ನದು ಒಂದೇ ಸಲಹೆ: ಅವುಗಳ ಹಿಂದೆ ಹೋಗದೆ, ದಿನವೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಕುಳಿತುಕೊಳ್ಳಿ. ಜಗುಲಿ ಸಾಕು. ಟಾರ್ಚ್ ಹಾಕಬೇಡಿ, ಫೋನಿನ ಬೆಳಕೂ ಬೇಡ. ಕೆಲವು ವಾರಗಳಲ್ಲಿ ಯಾವುದು ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಬೆಟ್ಟದಿಂದ ನಾವು ದರಕು (ಒಣಗಿದ ಎಲೆ) ಹೊತ್ತು ತರುವ ದಾರಿಯಲ್ಲೇ ಕಾಟಿಗಳೂ ಗದ್ದೆಗೆ ಇಳಿಯುತ್ತವೆ. ಹಗಲು ಅದು ನಮ್ಮ ದಾರಿ, ಕತ್ತಲಾದ ಮೇಲೆ ಅವುಗಳದ್ದು. ಇದನ್ನು ಅರಿತ ಮೇಲೆ ಮನೆಯ ಬಗ್ಗೆ ನನಗಿದ್ದ ಕಲ್ಪನೆಯೇ ಬದಲಾಯಿತು. ನಮ್ಮ ಅಂಗಳಕ್ಕೆ ಅವು ಬಂದವು ಎಂದು ಈಗ ಅನ್ನಿಸುವುದಿಲ್ಲ. ಅವುಗಳ ತಿರುಗಾಟದ ದಾರಿಯ ಪಕ್ಕದಲ್ಲಿ ನಮ್ಮ ಮನೆಯೂ ಇದೆ, ಅದನ್ನು ಅವು ಸಹಿಸಿಕೊಂಡಿವೆ ಎಂದು ಅನ್ನಿಸುತ್ತದೆ. ಆ ಸಹನೆ ನನಗೆ ಬಹಳ ಬೆಲೆಯುಳ್ಳದ್ದು.

ಈ ಕಾರಣಕ್ಕಾಗಿಯೇ ತಿನ್ನಲು ಏನನ್ನೂ ಇಡಬೇಡಿ. ಚಳಿಗಾಲ ಇಲ್ಲಿ ಹಸಿವಿನ ಕಾಲವಲ್ಲ, ಕಾಡಿನಲ್ಲಿ ಹಣ್ಣುಗಳಿವೆ. ಕೊಟ್ಟು ಅಭ್ಯಾಸವಾದ ಮಂಗ ನಾಳೆ ಅಡುಗೆಮನೆಯ ಹಂಚು ತೆಗೆಯುತ್ತದೆ, ಆಗ ಪೆಟ್ಟು ತಿನ್ನುವುದೂ ಅದೇ. ನಾಯಿ ಸಾಕಿದ್ದರೆ ರಾತ್ರಿ ಒಳಗೆ ಕಟ್ಟಿಕೊಳ್ಳಿ: ಹೊರಗೆ ಬಿಟ್ಟ ನಾಯಿ ಕಾಡುಕುರಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ, ಇಲ್ಲವೇ ಚಿರತೆಯ ಪಾಲಾಗುತ್ತದೆ.

ನೀವು ಹೊಸಬರಾದ್ದರಿಂದ ಇದೊಂದನ್ನು ಒತ್ತಿ ಹೇಳಬೇಕಾಗಿದೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದು ಹರಡುವುದು ಉಣುಗುಗಳಿಂದ (ರಕ್ತ ಹೀರುವ ಉಣ್ಣೆಗಳಿಂದ), ಹೆಚ್ಚಾಗುವುದು ಇದೇ ಚಳಿಗಾಲದಿಂದ ಬೇಸಿಗೆಯವರೆಗೆ. ಎಲೆ ಉದುರಿದ ನೆಲದ ಮೇಲೆ ಕುಳಿತು ಪ್ರಾಣಿಗಳಿಗಾಗಿ ಕಾಯುವ ಆಸೆಯನ್ನು ಈ ತಿಂಗಳುಗಳಲ್ಲಿ ಬಿಟ್ಟುಬಿಡಿ. ಬೆಟ್ಟಕ್ಕೆ ಹೋಗಲೇಬೇಕಾದರೆ ಮೈತುಂಬ ಬಟ್ಟೆ ತೊಟ್ಟು, ಬಟ್ಟೆಯಾಚೆಗಿನ ಚರ್ಮಕ್ಕೆ ಉಣುಗುಗಳನ್ನು ದೂರವಿಡಲು ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲ ಹಚ್ಚಿಕೊಳ್ಳಿ, ಮರಳಿದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಗಳನ್ನು ಒಗೆಯಲು ಹಾಕಿ. ಮಂಗ ಸತ್ತು ಬಿದ್ದಿರುವುದು ಕಂಡರೆ ಹತ್ತಿರ ಹೋಗದೆ, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಿ ಬಂದ ಕೆಲ ದಿನಗಳಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ, ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಮರೆಯದೆ ಹೇಳಿ.