ಆರೋಗ್ಯ ಪ್ರಶ್ನೋತ್ತರ: ಸೂಜಿ ನನ್ನದೇ ಅಂದರೆ ಸಾಲದು

ಪ್ರಶ್ನೆ: ತಂಗಿಯ ಮಗನಿಗೆ 26 ವರ್ಷ, ಕಳಂಬೋಲಿಯಿಂದ ಲಾರಿ ಓಡಿಸುತ್ತಾನೆ. ದಿಮಾಪುರ, ಇಂಫಾಲ ಕಡೆ ಹೋಗಿಬರುವಾಗ ಹೆರಾಯಿನ್ ಚುಚ್ಚಿಕೊಳ್ಳುವ ಚಟ ಹತ್ತಿದೆ. ‘ಹೆಣ್ಣಿನ ಸಹವಾಸ ಇಲ್ಲ, ಸೂಜಿಯೂ ನನ್ನದೇ, ಎಚ್‌ಐವಿ ಎಲ್ಲಿಂದ ಬರುತ್ತೆ?’ ಅನ್ನುತ್ತಾನೆ. ನಂಬಬಹುದೇ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ಅವನು ಸುಳ್ಳು ಹೇಳುತ್ತಿಲ್ಲದಿರಬಹುದು, ಆದರೂ ಪರೀಕ್ಷೆ ಆಗಲೇಬೇಕು. ಸೂಜಿ ಬೇರೆಯಾದರೂ ಪುಡಿ ಕರಗಿಸುವ ಚಮಚ, ಸೋಸುವ ಹತ್ತಿ, ನೀರಿನ ಲೋಟ ಒಂದೇ ಆಗಿರುತ್ತವೆ. ಒಬ್ಬ ಬಳಸಿದ ಸಿರಿಂಜನ್ನು ಅದೇ ನೀರಿಗೆ ಅದ್ದಿದರೆ ರಕ್ತದ ಅಂಶ ಎಲ್ಲರಿಗೂ ಹಂಚಿಹೋಗುತ್ತದೆ. ಕೂಡಿ ಕೊಂಡ ಮಾಲನ್ನು ಒಬ್ಬನ ಸಿರಿಂಜಿನಿಂದ ಇನ್ನೊಬ್ಬನದಕ್ಕೆ ಸುರಿದು ಪಾಲು ಮಾಡುವುದಂತೂ ಸೂಜಿ ಹಂಚಿಕೊಂಡಷ್ಟೇ ಅಪಾಯ. ಸೂಜಿ ಬೇರ್ಪಡುವ ದೊಡ್ಡ ಸಿರಿಂಜಿನಲ್ಲಿ, ಪೂರ್ತಿ ಒತ್ತಿದ ಮೇಲೂ, ಸೂಜಿ ಅಂಟಿಕೊಂಡೇ ಇರುವ ಇನ್ಸುಲಿನ್ ಸಿರಿಂಜಿಗಿಂತ ಎಷ್ಟೋ ಪಟ್ಟು ಹೆಚ್ಚು ರಕ್ತ ಉಳಿಯುತ್ತದೆ. ನೀರಲ್ಲಿ ಜಾಲಿಸಿದರೆ ಅದು ಪೂರ್ತಿ ಹೋಗುವುದಿಲ್ಲ.

ಅವನು ಹೋಗಿಬರುವ ಗಡಿ ರಾಜ್ಯಗಳ ಮಾತಿಗೆ ಬಂದರೆ, ಮಣಿಪುರ (ಇಂಫಾಲ), ನಾಗಾಲ್ಯಾಂಡ್ (ದಿಮಾಪುರ), ಪಕ್ಕದ ಮಿಜೋರಾಂ ಮೂರೂ ಮ್ಯಾನ್ಮಾರಿಗೆ ತಾಗಿಕೊಂಡಿವೆ. ಆ ಕಡೆಯಿಂದ ಹೆರಾಯಿನ್ ಸುಲಭವಾಗಿ ಬರುತ್ತದೆ. ಜೇಬಲ್ಲಿ ಸಿರಿಂಜ್ ಸಿಕ್ಕರೆ ಪೊಲೀಸರು ಹಿಡಿದಾರೆಂಬ ಭಯಕ್ಕೆ ಯಾರೂ ಇಟ್ಟುಕೊಳ್ಳುವುದಿಲ್ಲ; ಹೆರಾಯಿನ್ ಇಲ್ಲದೆ ಮೈನೋವು ಶುರುವಾದಾಗ ಕೈಗೆ ಸಿಕ್ಕಿದ್ದೇ ಸೂಜಿ. ದೇಶದ ವಯಸ್ಕರಲ್ಲಿ ಎಚ್‌ಐವಿ ನೂರಕ್ಕೆ 0.2ರಷ್ಟಿದ್ದರೆ ಮಿಜೋರಾಂನಲ್ಲಿ ಸುಮಾರು 2.7. ಸೋಂಕು ಮೊದಲೇ ಹರಡಿರುವ ಕಡೆ ಒಂದೇ ಸಲ ಹಂಚಿಕೊಂಡರೂ ಅಪಾಯ ಹೆಚ್ಚು.

ಈಗ ಮಾಡಬೇಕಾದ್ದು: ಸರ್ಕಾರಿ ಅಥವಾ ಪಾಲಿಕೆ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರ) ಪರೀಕ್ಷೆ ಉಚಿತ, ಫಲಿತಾಂಶ ಗುಟ್ಟಾಗಿರುತ್ತದೆ. ಈಗ ‘ಇಲ್ಲ’ ಎಂದು ಬಂದರೂ ಕೊನೆಯ ಸಲ ಹಂಚಿಕೊಂಡ ದಿನದಿಂದ 3 ತಿಂಗಳಿಗೆ ಮತ್ತೊಮ್ಮೆ ಮಾಡಿಸಲಿ. ಹೆಪಟೈಟಿಸ್ ಬಿ, ಸಿ ಎರಡನ್ನೂ ಕೇಳಿ ಮಾಡಿಸಿ. ಚುಚ್ಚಿಕೊಳ್ಳುವವರಲ್ಲಿ ಸಿ ಇನ್ನೂ ಬೇಗ ಹರಡುತ್ತದೆ, ಆದರೆ ಸಾಮಾನ್ಯವಾಗಿ 12 ವಾರದ ಮಾತ್ರೆಯಲ್ಲಿ ಗುಣವಾಗುತ್ತದೆ. ಎಚ್‌ಐವಿ ಇದೆ ಎಂದಾದರೆ ಎಆರ್‌ಟಿ (ವೈರಸ್ ಹತೋಟಿಯಲ್ಲಿಡುವ ಚಿಕಿತ್ಸೆ) ಉಚಿತ, ಹೆಚ್ಚಿನವರಿಗೆ ದಿನಕ್ಕೆ ಒಂದು ಮಾತ್ರೆ.

ಚಟಕ್ಕೆ ಓಎಸ್‌ಟಿ, ಅಂದರೆ ಹೆರಾಯಿನ್ ಬದಲು ವೈದ್ಯರ ನಿಗಾದಲ್ಲಿ ಔಷಧಿ ಕೊಡುವ ಚಿಕಿತ್ಸೆ ಇದೆ: ಬ್ಯುಪ್ರೆನಾರ್ಫಿನ್ ಮಾತ್ರೆಯನ್ನು ಕೇಂದ್ರದವರ ಎದುರೇ ನಾಲಿಗೆಯಡಿ ಇಡಬೇಕು. ನುಂಗಿದರೆ ಹೆಚ್ಚು ಕೆಲಸ ಮಾಡದು, ಕರಗುವ ತನಕ ನೀರೂ ಕುಡಿಯಬಾರದು. ಹೆರಾಯಿನ್ ಮೈಯಲ್ಲಿರುವಾಗಲೇ ಮೊದಲ ಮಾತ್ರೆ ಇಟ್ಟರೆ ನಡುಕ, ವಾಂತಿ, ಮೈನೋವು ಒಮ್ಮೆಲೇ ಕೆರಳುತ್ತವೆ; ‘ಔಷಧಿ ನನಗಾಗಲ್ಲ’ ಎಂದು ಎಷ್ಟೋ ಹುಡುಗರು ಓಡಿಹೋಗುವುದು ಇಲ್ಲೇ. ಕೊನೆಗೆ ಚುಚ್ಚಿಕೊಂಡದ್ದು ಎಷ್ಟು ಗಂಟೆಗೆ ಎಂದು ವೈದ್ಯರಿಗೆ ಸರಿಯಾಗಿ ಹೇಳಲಿ. ನಾಲ್ಕು ದಿನ ಹುಷಾರಾದ ಕೂಡಲೇ ಈ ಮಾತ್ರೆ ನಿಲ್ಲಿಸಲು ದಯವಿಟ್ಟು ಒತ್ತಾಯಿಸಬೇಡಿ. ಬಿಟ್ಟಮೇಲೆ ದೇಹದ ತಾಳಿಕೆ ಇಳಿದಿರುತ್ತದೆ, ಹಳೆಯ ಪ್ರಮಾಣವನ್ನೇ ಮತ್ತೆ ಚುಚ್ಚಿಕೊಂಡರೆ ಉಸಿರೇ ನಿಲ್ಲಬಹುದು. ಹತ್ತಿರದ ಕೇಂದ್ರ ಎಲ್ಲಿದೆಯೆಂದು ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ ಕೇಳಿ, ಶುಲ್ಕವಿಲ್ಲ. ಅಲ್ಲಿಯವರೆಗೆ ಪ್ರತಿ ಸಲವೂ ಹೊಸ ಸಿರಿಂಜ್, ತನ್ನದೇ ಚಮಚ, ಹತ್ತಿ, ನೀರು. ಇದನ್ನು ಹೇಳಿಕೊಟ್ಟರೆ ಚಟಕ್ಕೆ ಕುಮ್ಮಕ್ಕು ಕೊಟ್ಟಂತೆ ಎಂದು ಹಿಂಜರಿಯಬೇಡಿ. ಜೀವ ಉಳಿದರೆ ತಾನೇ ಚಟ ಬಿಡಿಸುವ ಮಾತು. ಅಪಾಯ ತಗ್ಗಿಸಲು ಸಿರಿಂಜ್ ಒದಗಿಸುವುದಕ್ಕೆ 2017ರ ಎಚ್‌ಐವಿ ಕಾಯ್ದೆಯ ರಕ್ಷಣೆಯಿದೆ.

ಪ್ರಶ್ನೆ: ಮೈದಾನದಲ್ಲಿ ಬಿದ್ದಿದ್ದ ಸೂಜಿ ಮಗಳ ಕಾಲಿಗೆ ಚುಚ್ಚಿದರೆ ಏನು ಮಾಡಬೇಕು?
– ಓದುಗರು, ಹಡಪ್ಸರ್, ಪುಣೆ

ಉತ್ತರ: ಹಿಂಡಬೇಡಿ, ಬಾಯಿಂದ ಚೀಪಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆದು ನೇರ ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೋಗಿ. ಬಿಸಾಡಿದ ಸೂಜಿಯಿಂದ ಎಚ್‌ಐವಿ ಬರುವ ಸಾಧ್ಯತೆ ತೀರಾ ಕಡಿಮೆ. ಪಿಇಪಿ (ಎಚ್‌ಐವಿ ತಗುಲದಂತೆ ತಡೆಯುವ ಔಷಧಿ) ಬೇಕೆಂದು ವೈದ್ಯರಿಗೆ ಅನಿಸಿದರೆ 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು. ಪೂರ್ತಿ 28 ದಿನ ಕೊಡಬೇಕು. ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆಯ ಕಾರ್ಡು ಜೊತೆಗಿರಲಿ.