ಗಾಳಿ ಬಿಸಿ, ಓತಿ ಮಂಕು

ಪ್ರಶ್ನೆ: ಮಗ ಬೆಂಗಳೂರಿನಿಂದ ಬಿಯರ್ಡೆಡ್ ಡ್ರ್ಯಾಗನ್ ಎಂಬ ಆಸ್ಟ್ರೇಲಿಯಾದ ಓತಿ ತಂದಿದ್ದಾನೆ. ಥಂಡಿಗೆಂದು ಗಾಜಿನ ಪೆಟ್ಟಿಗೆಯೊಳಗೆ ಸೆರಾಮಿಕ್ ಹೀಟರ್ ಹಾಕಿದ್ದೇವೆ. ಗಾಳಿ ಬೆಚ್ಚಗಿದೆ, ಓತಿ ಮಾತ್ರ ಮಂಕಾಗಿದೆ, ಸರಿಯಾಗಿ ತಿನ್ನುತ್ತಿಲ್ಲ. ಯಾಕೆ?
— ಓದುಗರೊಬ್ಬರು, ಗಂಗಾವತಿ

ಉತ್ತರ: ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟೂವರೆಗೆ ನಾನು ಕೊಪ್ಪಳದ ಕೋಟೆ ಗುಡ್ಡದ ಕಡೆ ಅಡ್ಡಾಡಲು ಹೋಗುತ್ತೇನೆ. ಗಾಳಿ ಇನ್ನೂ ಕೊರೆಯುತ್ತಿರುತ್ತದೆ, ಬಂಡೆಯೂ ತಣ್ಣಗೆ. ಆದರೂ ಓತಿಕ್ಯಾತಗಳು ಮೈ ಚಪ್ಪಟೆ ಮಾಡಿ ಬೆನ್ನನ್ನು ಬಿಸಿಲಿಗೊಡ್ಡಿ ಕೂತಿರುತ್ತವೆ. ವಾಪಸು ಬರುವಾಗ ಹತ್ತಿರ ಹೋದರೆ ಸರ್ರನೆ ಓಡುತ್ತವೆ. ಕೆಳಗೆ ಕಟ್ಟೆಯ ಮೇಲಿನ ಹಿರಿಯರು 'ಎಲುಬಿಗೆ ಬಿಸಲು ಹತ್ತತೈತಿ' ಅನ್ನುತ್ತಾರೆ. ಭೌತಶಾಸ್ತ್ರ ಕಲಿಸಿದವನಾಗಿ ಹೇಳುತ್ತೇನೆ, ಆ ಮಾತು ಬಹುಮಟ್ಟಿಗೆ ನಿಜ.

ಕೆಂಪು ಬಣ್ಣದಾಚೆಗೂ ಕಾಣದ ಶಾಖಕಿರಣಗಳಿವೆ ಎಂದು ವಿಲಿಯಂ ಹರ್ಷೆಲ್ 1800ರಲ್ಲಿ ಪಟ್ಟಕ, ಥರ್ಮಾಮೀಟರ್ ಇಟ್ಟುಕೊಂಡು ಕಂಡುಹಿಡಿದರು. ಅವೇ ಅವಕೆಂಪು ಕಿರಣಗಳು. ವಸ್ತು ಹೆಚ್ಚು ಕಾದಷ್ಟೂ ಅದರಿಂದ ಹೊರಡುವ ಅಲೆ ಗಿಡ್ಡ. ಬಿಸಿಲಿನಲ್ಲಿರುವ 1,400 ನ್ಯಾನೋಮೀಟರಿನೊಳಗಿನ ಗಿಡ್ಡ ಅಲೆಗಳು ಚರ್ಮ ದಾಟಿ ರಕ್ತ, ಸ್ನಾಯುಗಳವರೆಗೆ ಇಳಿಯುತ್ತವೆ. ನಿಮ್ಮ ಸೆರಾಮಿಕ್ ಹೀಟರ್ ಇಸ್ತ್ರಿ ಪೆಟ್ಟಿಗೆಯ ಜಾತಿ. ಕೆಲವು ನೂರು ಡಿಗ್ರಿಯಷ್ಟೇ ಕಾಯುವುದರಿಂದ ಅದರ ಕಿರಣಗಳು ಬಹುಪಾಲು 3,000 ನ್ಯಾನೋಮೀಟರಿಗಿಂತ ಉದ್ದ. ಅವು ಚರ್ಮದ ಮೇಲ್ಪದರದಲ್ಲೇ ಹೀರಿಹೋಗುತ್ತವೆ. ಹತ್ತಿರ ಕೂತರೆ ಬೆನ್ನು ಸುಟ್ಟೀತು, ಒಡಲು ಮಾತ್ರ ಬೇಗ ಕಾಯದು.

ಹಗಲಿಗೆ ಹ್ಯಾಲೊಜೆನ್ ಬಲ್ಬು ಹಾಕಿ. ಅದರ ತಂತಿ 2,500 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯುತ್ತದೆ, ಹಾಗಾಗಿ ಗಿಡ್ಡ ಅಲೆಗಳು ಧಾರಾಳ. ಪೆಟ್ಟಿಗೆಯ ಒಂದೇ ತುದಿಗೆ, ಮೇಲಿನಿಂದ, ಓತಿಗೆ ತಾಕದಂತೆ ಜಾಲರಿಯೊಳಗಿರಲಿ. ಕೆಳಗೊಂದು ಚಪ್ಪಟೆ ಕಲ್ಲಿಡಿ. ಕಲ್ಲಿನ ಮೇಲ್ಮೈ 40 ಡಿಗ್ರಿ ಸುತ್ತಮುತ್ತ, ಇನ್ನೊಂದು ತುದಿ 25ರ ಹತ್ತಿರ ಇರಬೇಕು. ಬಿಸಿಯಾದಾಗ ಸರಿದು ಹೋಗಲು ಜಾಗವಿಲ್ಲದ ಓತಿ ಕಷ್ಟಪಡುತ್ತದೆ, ಇದನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ. ಕಾವು ಮಿತಿ ಮೀರದಂತೆ ನೋಡಿಕೊಳ್ಳುವ ಥರ್ಮೋಸ್ಟಾಟ್ ಇಲ್ಲದೆ ಯಾವ ಹೀಟರನ್ನೂ ಹಚ್ಚಬೇಡಿ.

ರಾತ್ರಿ ಕೆಂಪು ಬಲ್ಬು ಬೇಡ, ಆ ಬೆಳಕು ಓತಿಗೆ ಕಾಣುತ್ತದೆ. ಕೋಣೆ 18 ಡಿಗ್ರಿಗಿಂತ ತಣ್ಣಗಾದರೆ ಬೆಳಕಿಲ್ಲದ ನಿಮ್ಮ ಸೆರಾಮಿಕ್ ಹೀಟರ್ ಆಗ ಉಪಯೋಗಕ್ಕೆ ಬರುತ್ತದೆ. ಹ್ಯಾಲೊಜೆನ್ನಿನಿಂದ ಯುವಿಬಿ, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ, ಸಾಕಷ್ಟು ಸಿಗದು, ಮೂಳೆಗಾಗಿ ಅದಕ್ಕೆ ಬೇರೆ ದೀಪ ಬೇಕು.

ವಾರದೊಳಗೆ ಮೇವು ಹಿಡಿಯದಿದ್ದರೆ ಪಶುವೈದ್ಯರಿಗೆ ತೋರಿಸಿ. ಏಪ್ರಿಲ್ ಬಂತೆಂದರೆ ಗಂಗಾವತಿಯಲ್ಲಿ ಕಾವಿಗಿಂತ ತಂಪಿನ ಚಿಂತೆಯೇ ದೊಡ್ಡದು. ಆಗ ಪೆಟ್ಟಿಗೆಯನ್ನು ಪಡುವಣ ಕಿಟಕಿಯಿಂದ ದೂರ ಸರಿಸಿ.